ಬಾಯಲ್ಲಿ ಬರುವುದು ಬರಹದಲ್ಲಿ ಯಾಕೆ ಬರುವುದಿಲ್ಲ?

ಓದುಗರ ಪ್ರಶ್ನೆ: ಗೆಳೆಯರ ಜೊತೆ ಹರಟುವಾಗ ಚೆನ್ನಾಗಿಯೇ ಮಾತಾಡುತ್ತೇನೆ. ಬರೆಯಲು ಕೂತರೆ ಮಾತ್ರ ಸುತ್ತೋಲೆ ಥರ ಆಗಿಬಿಡುತ್ತದೆ. ಮೈಕ್ ಮುಂದೆ ನಿಂತರೂ ಅದೇ ಕತೆ. ನನ್ನದೇ ಒಂದು ಶೈಲಿ ಬರಬೇಕಾದರೆ ಏನು ಮಾಡಬೇಕು?

ಗೆಳೆಯರ ಮುಂದೆ ಬರುತ್ತದಲ್ಲ, ಅದೇ ನಿಮ್ಮ ಶೈಲಿ. ಬರೆಯಲು ಕೂತ ಕೂಡಲೇ ಅದನ್ನು ಕಳಚಿಟ್ಟು ಎರವಲು ಕೋಟು ಹಾಕಿಕೊಳ್ಳುತ್ತೀರಿ, ಅಷ್ಟೇ.

ಈ ವಾಕ್ಯ ನೋಡಿ: 'ಸಭೆಯಲ್ಲಿ ಹಲವು ವಿಷಯಗಳ ಕುರಿತು ಚರ್ಚೆಯನ್ನು ಮಾಡಲಾಯಿತು.' ಮಾಡಿದ್ದು ಯಾರು? ಯಾವ ವಿಷಯ? ಇದನ್ನೇ ಫೋನಲ್ಲಿ ಹೇಳುವಾಗ 'ಒಂದು ಗಂಟೆ ಬರೀ ಬಾಡಿಗೆ ಬಗ್ಗೆನೇ ಕಿತ್ತಾಡಿದೆವು' ಅನ್ನುತ್ತೀರಿ. ಒಂದೇ ಏಟಿಗೆ ಎಲ್ಲ ಗೊತ್ತಾಯಿತು, ಅಲ್ವಾ? 'ಲಾಯಿತು' ಬಂದ ಕಡೆಯೆಲ್ಲ ಕೆಲಸ ಮಾಡಿದವರು ಪರದೆ ಹಿಂದೆ ಸರಿಯುತ್ತಾರೆ. ಇನ್ನೊಂದು ಚಟ 'ಮಾಡು'. ಪಾಪ, ಅದನ್ನು ಎಲ್ಲದಕ್ಕೂ ದುಡಿಸುತ್ತೇವೆ. 'ಬಳಕೆ ಮಾಡಿ' ಯಾಕೆ, 'ಬಳಸಿ' ಇದೆ. 'ಆಯ್ಕೆ ಮಾಡಿದರು' ಯಾಕೆ, 'ಆರಿಸಿದರು' ಇದೆ. ಒಂದು ಪುಟ ಬರೆದ ಮೇಲೆ ಈ ಎರಡನ್ನು ಮಾತ್ರ ಹುಡುಕಿ ತಿದ್ದಿ ನೋಡಿ, ಅರ್ಧ ಬಿಗಿ ಅಲ್ಲೇ ಸಡಿಲವಾಗುತ್ತದೆ.

ಆಡುವ ಹಾಗೆ ಬರೆದರೆ ಹಗುರ ಅನ್ನಿಸುವುದಿಲ್ಲವೇ ಅನ್ನುವ ಭಯ ಹಳೆಯದು. 12ನೇ ಶತಮಾನದ ಕವಿ ನಯಸೇನ, ಅಚ್ಚ ಕನ್ನಡದೊಳಗೆ ಸಂಸ್ಕೃತ ತಂದು ತುಂಬುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವುದು ಸರಿಯೇ ಎಂದು ಕೇಳಿದ. ತಮಾಷೆ ಅಂದರೆ, ಹಾಗೆ ಕೇಳುವಾಗ ಅವನು ಬಳಸಿದ್ದು 'ಘೃತ', 'ತೈಲ' ಅನ್ನುವ ಸಂಸ್ಕೃತ ಪದಗಳನ್ನೇ! ಹಾಗಾಗಿ ಪದ ಎಲ್ಲಿಂದ ಬಂತು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಬಾಯಿಗೆ ತಾನಾಗಿ ಬರುತ್ತದೆಯೇ, ಅದನ್ನು ನೋಡಿ.

ಇನ್ನು ವಾಕ್ಯದ ಉದ್ದ. 'ಚಿಕ್ಕದಾಗಿ ಬರೆಯಿರಿ' ಅಂತ ಎಲ್ಲರೂ ಹೇಳುತ್ತಾರೆ, ನಾನು ಪೂರ್ತಿ ಒಪ್ಪುವುದಿಲ್ಲ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. 'ಗೆಳತಿ, ಆ ಪತ್ರ ತನಗಲ್ಲ, ಹೋದ ತಿಂಗಳು ಮನೆ ಬದಲಿಸಿದ ತನ್ನ ತಂಗಿಗೆ ಬಂದದ್ದು ಎಂದು ಹೇಳಿ ನಕ್ಕಳು' ಅಂತ ಬರೆದರೆ, ಗೆಳತಿ ಏನು ಮಾಡಿದಳು ಅಂತ ತಿಳಿಯಲು ಕೊನೇ ತನಕ ಕಾಯಬೇಕು. 'ಗೆಳತಿ ಪತ್ರ ನೋಡಿ ನಕ್ಕಳು. ಅದು ಅವಳಿಗಲ್ಲ, ತಂಗಿಗೆ ಬಂದದ್ದು' ಅಂದರೆ ಕಾಯುವ ಕೆಲಸವೇ ಇಲ್ಲ. ಆದರೆ 'ಎದ್ದು, ದೀಪ ಹಚ್ಚಿ, ಬಾಗಿಲು ತೆಗೆದು, ಹೊರಗೆ ಇಣುಕಿ, ಯಾರೂ ಇಲ್ಲ ಅಂತ ನೋಡಿ, ಮತ್ತೆ ಬಂದು ಮಲಗಿದಳು' ಅನ್ನುವ ವಾಕ್ಯ ಹೆಚ್ಚುಕಮ್ಮಿ ಮೊದಲಿನದರಷ್ಟೇ ಉದ್ದ ಆದರೂ ಸುಸ್ತಾಗುವುದಿಲ್ಲ, ಯಾಕಂದರೆ ಹೆಜ್ಜೆಗೊಂದು ಕೆಲಸ ಮುಗಿಯುತ್ತಾ ಹೋಗುತ್ತದೆ. ಕತೆ ಹೇಳುವವರು ಉಸಿರು ಬಿಡದೆ ಹೇಳುವುದು ಇದೇ ಥರದ ವಾಕ್ಯಗಳನ್ನು.

ಅಭ್ಯಾಸಕ್ಕೆ, ಅಮೆರಿಕದ ಲೇಖಕ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ಮಾಡಿದ್ದನ್ನು ಮಾಡಿ. ಅವನು ಇಷ್ಟವಾದ ಒಂದು ಪ್ರಬಂಧ ಓದಿ, ಪ್ರತಿ ವಾಕ್ಯದ ವಿಚಾರವನ್ನು ಚುಟುಕಾಗಿ ಗುರುತು ಹಾಕಿಟ್ಟು, ಕೆಲವು ದಿನ ಬಿಟ್ಟು, ಆ ಗುರುತುಗಳಿಂದಲೇ ತನ್ನ ಮಾತಲ್ಲಿ ಪೂರ್ತಿ ಬರೆದು, ಆಮೇಲೆ ಮೂಲದ ಜೊತೆ ಹೋಲಿಸಿ ತಪ್ಪು ತಿದ್ದಿಕೊಳ್ಳುತ್ತಿದ್ದ. ಕೆಲವು ಕತೆಗಳನ್ನು ಪದ್ಯಕ್ಕೆ ತಿರುಗಿಸಿ, ಮೂಲ ಮರೆತ ಮೇಲೆ ಮತ್ತೆ ಗದ್ಯಕ್ಕೆ ತರುತ್ತಿದ್ದನಂತೆ. ಅಷ್ಟು ದೂರ ಹೋಗಬೇಕಾಗಿಲ್ಲ. ಕೆಲವು ದಿನ ಬಿಡುವುದನ್ನು ಮಾತ್ರ ತಪ್ಪಿಸಬೇಡಿ. ಓದಿದ ತಕ್ಷಣ ಬರೆದರೆ ಲೇಖಕರ ಪದಗಳೇ ಕೈಗೆ ಬರುತ್ತವೆ.

ವೇದಿಕೆ ಮಾತು ಬೇರೆ. ಕೇಳುವವರಿಗೆ ಪುಟ ಹಿಂದೆ ತಿರುಗಿಸಲು ಆಗುವುದಿಲ್ಲ. ಬರಹದಲ್ಲಿ 'ಅದು', 'ಅವರು' ಸಾಕಾಗುವ ಕಡೆ ಮಾತಿನಲ್ಲಿ ಹೆಸರನ್ನೇ ಮತ್ತೊಮ್ಮೆ ಹೇಳಿ. ಪೂರ್ತಿ ಭಾಷಣ ಬಾಯಿಪಾಠ ಬೇಡ. ನಾನು ಒಮ್ಮೆ ಹಾಗೆ ಹೋಗಿ, ನಡುವೆ ಒಂದೇ ಪದ ಮರೆತು, ಮುಂದಿನದೆಲ್ಲ ಮಾಯವಾಗಿ, ಸುಮ್ನೆ ನೀರು ಕುಡಿಯುತ್ತಾ ನಿಂತಿದ್ದೆ. ಈಗ ಮೊದಲ ವಾಕ್ಯ ಮಾತ್ರ ಬಾಯಲ್ಲಿ ಇರುತ್ತದೆ, ಉಳಿದದ್ದಕ್ಕೆ ಚೀಟಿಯಲ್ಲಿ ನಾಲ್ಕು ಪದ.

ಇವತ್ತೇ ಶುರು ಮಾಡುವುದಾದರೆ ಫೋನ್ ತೆಗೆದುಕೊಳ್ಳಿ. ಬರೆಯಬೇಕೆಂದಿರುವ ವಿಷಯವನ್ನು ಗೆಳೆಯರಿಗೆ ಹೇಳುವ ಹಾಗೆ ಐದು ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಕೇಳುತ್ತಾ ಬರೆದುಕೊಳ್ಳಿ, 'ಅಂದ್ರೆ', 'ಏನಂದ್ರೆ'ಗಳನ್ನು ತೆಗೆದುಹಾಕಿ. ಮೊದಲ ಸಲ ನನ್ನ ದನಿ ಕೇಳಿದಾಗ 'ಆಕ್ಚುಯಲಿ' ಅಂತ ಹನ್ನೊಂದು ಸಲ ಅಂದಿದ್ದೆ. ಅದಕ್ಕೂ ಮುಂಚೆ ಯಾರಾದರೂ ನನ್ನನ್ನು ಕೇಳಿದ್ದರೆ, ನಾನು ಆ ಪದ ಬಳಸುವುದೇ ಇಲ್ಲ ಅಂತ ಆಣೆ ಇಟ್ಟು ಹೇಳುತ್ತಿದ್ದೆ.