ಹೆಡ್‌ಫೋನ್ ಕರೆಕ್ಷನ್: 3 ಕಿಲೋಹರ್ಟ್ಸ್ ಹತ್ತಿರದ ಆ ಗುಡ್ಡ ಯಾಕೆ?

ಹೆಡ್‌ಫೋನ್‌ನಲ್ಲಿ ಹಾಡು ಮಿಕ್ಸ್ ಮಾಡುವವರಿಗೆ ಕರೆಕ್ಷನ್, ಸ್ಟುಡಿಯೋ ಸಿಮ್ಯುಲೇಶನ್ ಎರಡೂ ಎಷ್ಟೋ ಸಲ ಒಂದೇ ಪ್ಲಗಿನ್‌ನಲ್ಲಿ (ಆಡಿಯೋ ಸಾಫ್ಟ್‌ವೇರ್‌ಗೆ ಸೇರಿಸುವ ಸಣ್ಣ ಪ್ರೋಗ್ರಾಂ) ಬರುತ್ತವೆ. ಕೆಲಸ ಮಾತ್ರ ಬೇರೆ ಬೇರೆ. ಮೊದಲನೆಯದು ಹೆಡ್‌ಫೋನ್‌ನ ಏರುಪೇರು ಸರಿಮಾಡುವ ಈಕ್ಯೂ, ಅಂದರೆ ಬೇರೆ ಬೇರೆ ಆವರ್ತನದ ಸದ್ದನ್ನು ಏರಿಸಿ ಇಳಿಸುವ ಸಾಧನ. ಎರಡನೆಯದು ಎದುರಿಗೆ ಎರಡು ಸ್ಪೀಕರ್ ಇಟ್ಟ ಕೋಣೆಯ ನಕಲು.

ತಲೆ ಕೆಡಿಸುವುದು ಗ್ರಾಫ್, ಅಂದರೆ ಯಾವ ಆವರ್ತನ ಎಷ್ಟು ಜೋರು ಎಂದು ತೋರಿಸುವ ಗೆರೆ. ಒಳ್ಳೆಯ ಹೆಡ್‌ಫೋನ್‌ನ ಅಳತೆಯಲ್ಲೂ 3 ಕಿಲೋಹರ್ಟ್ಸ್ ಹತ್ತಿರ ದೊಡ್ಡ ಗುಡ್ಡ ಇರುತ್ತದೆ. ನಮಗೆ ಫ್ಲ್ಯಾಟ್ (ಎಲ್ಲ ಆವರ್ತನವೂ ಒಂದೇ ಮಟ್ಟ) ಬೇಕು ಅಲ್ವಾ, ಹಾಗಾದರೆ ಅದನ್ನು ಕತ್ತರಿಸೋಣ ಅನ್ನಿಸುತ್ತದೆ. ಬೇಡ. ಅಳೆಯುವ ಮೈಕ್ ಇರುವುದು ಕೃತಕ ಕಿವಿಯ ಒಳಗೆ, ಕಿವಿತಮಟೆಯ ಜಾಗದಲ್ಲಿ. ಕಿವಿಯ ಆಕಾರ ಮತ್ತು ನಾಳವೇ ಆ ಭಾಗದ ಸದ್ದನ್ನು 10 ಡೆಸಿಬೆಲ್‌ನಷ್ಟು ಎತ್ತುತ್ತವೆ. ಫ್ಲ್ಯಾಟ್ ಸ್ಪೀಕರ್ ಮುಂದೆ ಕೂತರೂ ಕಿವಿತಮಟೆಗೆ ಸದ್ದು ತಲುಪುವುದು ಈ ಗುಡ್ಡದ ಸಮೇತವೇ. ಮಿದುಳು ಹುಟ್ಟಿನಿಂದ ಕೇಳಿದ್ದು ಅದನ್ನೇ. ಅದನ್ನು ತೆಗೆದರೆ ಹಾಡುವ ದನಿ ಮಂಕಾಗುತ್ತದೆ.

ಹಾಗಾಗಿ ಹೋಲಿಸಬೇಕಾದ್ದು ಸಪಾಟು ಗೆರೆಗಲ್ಲ, ಟಾರ್ಗೆಟ್ ಕರ್ವ್‌ಗೆ, ಅಂದರೆ ಈ ಗುಡ್ಡವೂ ಸೇರಿ ಹೆಡ್‌ಫೋನ್‌ನ ಅಳತೆ ಹೇಗಿರಬೇಕು ಎಂದು ತೋರಿಸುವ ಗೆರೆಗೆ. ಹಾರ್ಮನ್ ಕರ್ವ್ ಇಂಥದ್ದೊಂದು. ಲೆಕ್ಕ ಸುಲಭ: ಟಾರ್ಗೆಟ್‌ನಿಂದ ಅಳತೆ ಕಳೆಯಿರಿ. 3 ಕಿಲೋಹರ್ಟ್ಸ್‌ನಲ್ಲಿ ಟಾರ್ಗೆಟ್ 10, ಅಳತೆ 7 ಇದ್ದರೆ, ಗುಡ್ಡ ಕಂಡರೂ 3 ಡೆಸಿಬೆಲ್ ಏರಿಸಬೇಕು. 100 ಹರ್ಟ್ಸ್‌ನಲ್ಲಿ ಟಾರ್ಗೆಟ್ 4, ಅಳತೆ 8 ಇದ್ದರೆ 4 ಇಳಿಸಬೇಕು. ಅತಿ ಹೆಚ್ಚು ಏರಿಸಿದ್ದು 3 ತಾನೇ, ಪ್ರೀಆಂಪ್ (ಈಕ್ಯೂನ ಒಟ್ಟು ಮಟ್ಟ) ಅನ್ನೂ 3 ಇಳಿಸಿ, ಸಾಮಾನ್ಯವಾಗಿ ಕ್ಲಿಪ್ ಆಗುವುದಿಲ್ಲ, ಅಂದರೆ ಸದ್ದು ಮಿತಿ ಮೀರಿ ಒಡೆಯುವುದಿಲ್ಲ. ಆಮೇಲೆ ಕರೆಕ್ಷನ್ ಆನ್-ಆಫ್ ಮಾಡಿ ಕೇಳುವಾಗ ಎರಡರ ಜೋರು ಒಂದೇ ಇರಲಿ. ಇಲ್ಲದಿದ್ದರೆ ಜೋರಾಗಿರುವುದೇ ಸುಮ್ನೆ ಚೆನ್ನಾಗಿದೆ ಅನ್ನಿಸುತ್ತದೆ.

ಇನ್ನು ಸಿಮ್ಯುಲೇಶನ್. ಹೆಡ್‌ಫೋನ್‌ನಲ್ಲಿ ಎಡ ಚಾನೆಲ್ ಎಡಗಿವಿಗೆ ಮಾತ್ರ. ಸ್ಪೀಕರ್‌ನಲ್ಲಾದರೆ ಬಲಗಿವಿಗೂ ಹೋಗುತ್ತದೆ, ಸುಮಾರು ಕಾಲು ಮಿಲಿಸೆಕೆಂಡ್ ತಡವಾಗಿ, ತಲೆ ಅಡ್ಡ ಬರುವುದರಿಂದ ಟ್ರೆಬಲ್ (ಮೇಲಿನ ಆವರ್ತನಗಳು) ಕಡಿಮೆಯಾಗಿ. ಇದಕ್ಕೆ ಕೋಣೆಯ ಪ್ರತಿಫಲನ ಸೇರಿಸಿದರೆ ಸ್ಟುಡಿಯೋ. ಪ್ಯಾನಿಂಗ್ (ಸದ್ದನ್ನು ಎಡ-ಬಲ ಎಲ್ಲಿಡುವುದು) ನೋಡಲು ಇದು ನನಗೆ ಇಷ್ಟ, ರಿವರ್ಬ್‌ಗೆ (ಮಿಕ್ಸ್‌ಗೆ ಸೇರಿಸುವ ಕೃತಕ ಗುಂಗು) ಅಲ್ಲ: ಕೋಣೆಯ ಗುಂಗು ಮೊದಲೇ ಇರುವುದರಿಂದ ಮಿಕ್ಸ್‌ಗೆ ಕಡಿಮೆ ಹಾಕಿಬಿಡುತ್ತೇವೆ. ಅದಕ್ಕೇ ರಿವರ್ಬ್ ಹೊಂದಿಸುವಾಗ ಆಫ್ ಮಾಡುತ್ತೇನೆ. ಸಿಮ್ಯುಲೇಶನ್‌ನಲ್ಲೇ ನಿಮ್ಮ ಹೆಡ್‌ಫೋನ್‌ನ ಕರೆಕ್ಷನ್ ಸೇರಿದ್ದರೆ ಬೇರೆ ಕರೆಕ್ಷನ್ ಹಾಕಬೇಡಿ.

ಎರಡೂ ಇರಬೇಕಾದ್ದು ಮಾನಿಟರ್ ದಾರಿಯಲ್ಲಿ, ಅಂದರೆ ನಾವು ಕೇಳುವ ಸದ್ದಿನ ದಾರಿಯಲ್ಲಿ ಮಾತ್ರ. ಮಾಸ್ಟರ್ ಚಾನೆಲ್‌ನಲ್ಲೇ (ಇಡೀ ಮಿಕ್ಸ್ ಹೊರಹೋಗುವ ಚಾನೆಲ್) ಹಾಕಿದ್ದರೆ ಎಕ್ಸ್‌ಪೋರ್ಟ್‌ಗೆ ಮುಂಚೆ ಬೈಪಾಸ್ (ಆಫ್) ಮಾಡಿ.