ಯೆಶಾಯನ ‘ಅಲ್ಮಾ’: ಯುವತಿಯೋ, ಕನ್ನಿಕೆಯೋ?

ಕ್ರಿ.ಪೂ. 735ರ ಸುಮಾರಿಗೆ ದಮಸ್ಕದ ರೆಚೀನನೂ ಇಸ್ರೇಲಿನ ಪೆಕಹನೂ ಒಂದಾಗಿ ಜೆರುಸಲೇಮಿನ ಮೇಲೆ ದಂಡೆತ್ತಿ ಬಂದರು. ಯೂದದ ಅರಸ ಆಹಾಜ ನಡುಗಿಹೋದ. ಪ್ರವಾದಿ ಯೆಶಾಯ ಅವನನ್ನು ಅಗಸರ ಹೊಲದ ದಾರಿಯಲ್ಲಿ, ಮೇಲಿನ ಕೆರೆಯ ಕಾಲುವೆಯ ಹತ್ತಿರ ಕಂಡು ಧೈರ್ಯ ಹೇಳಿದ. ಬಳಿಕ ಒಂದು ಗುರುತನ್ನೂ ಕೊಟ್ಟ: ‘ಅಲ್ಮಾ’ ಒಬ್ಬ ಮಗನನ್ನು ಹೆತ್ತು ಇಮ್ಮಾನುವೇಲ್ ಎಂದು ಹೆಸರಿಡುವಳು, ಆ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವ ಮೊದಲೇ ಆ ಇಬ್ಬರು ಅರಸರ ನಾಡು ಪಾಳು ಬೀಳುವುದು. ಕ್ರಿ.ಪೂ. 732ರಲ್ಲಿ ದಮಸ್ಕ ಅಸ್ಸೀರಿಯದ ವಶವಾಯಿತು.

ಹೀಬ್ರೂವಿನಲ್ಲಿ ಅಲ್ಮಾ ಎಂದರೆ ಪ್ರಾಯಕ್ಕೆ ಬಂದ ಹೆಣ್ಣು. ಮದುವೆಗೆ ಮುಂಚಿನ ರೆಬೆಕ್ಕಳಿಗೂ ಅದೇ ಪದ ಬಂದಿದೆ. ಆಕೆ ಕನ್ನಿಕೆಯಾಗಿರಬಹುದು, ಆದರೆ ಪದ ಅದನ್ನು ಒತ್ತಿ ಹೇಳುವುದಿಲ್ಲ. ಕನ್ನಿಕೆ ಎನ್ನಲು ಹೆಚ್ಚಾಗಿ ಬಳಕೆಯಲ್ಲಿದ್ದದ್ದು ‘ಬೆತೂಲಾ’. ತಕರಾರು ಶುರುವಾದದ್ದು ಗ್ರೀಕಿನಲ್ಲಿ. ಹೀಬ್ರೂ ಧರ್ಮಗ್ರಂಥಕ್ಕೆ ಕ್ರಿಸ್ತಪೂರ್ವದಲ್ಲೇ ಆದ ಗ್ರೀಕ್ ಅನುವಾದ ಸೆಪ್ಟುವಜಿಂಟ್ ಇಲ್ಲಿ ‘ಪಾರ್ಥೆನೋಸ್’ ಎಂದಿತು. ಕನ್ನಿಕೆ ಎಂಬುದೇ ಅದರ ರೂಢಿಯ ಅರ್ಥ. ಆದರೂ ಅದೇ ಅನುವಾದ ಬಲಾತ್ಕಾರಕ್ಕೊಳಗಾದ ಮೇಲೂ ಯಾಕೋಬನ ಮಗಳು ದೀನಾಳನ್ನು ಪಾರ್ಥೆನೋಸ್ ಎಂದೇ ಕರೆಯುತ್ತದೆ. ಸುವಾರ್ತೆ ಬರೆದ ಮತ್ತಾಯ, ಯೇಸುವಿನ ಜನನದ ಕಥನದಲ್ಲಿ ಯೆಶಾಯನ ಈ ಮಾತನ್ನು ಉದ್ಧರಿಸಿದ್ದು ಈ ಗ್ರೀಕ್ ಪಾಠದ ಜಾಡಿನಲ್ಲೇ.

ಎರಡನೆಯ ಶತಮಾನಕ್ಕೆ ಇದು ಯೆಹೂದಿ, ಕ್ರೈಸ್ತ ಸಮುದಾಯಗಳ ನಡುವಿನ ಬೇಲಿಯಾಯಿತು. ಅಕ್ವಿಲ, ಥಿಯೊಡೋಶನ್ ತಮ್ಮ ಹೊಸ ಗ್ರೀಕ್ ಅನುವಾದಗಳಲ್ಲಿ ‘ನೆಆನಿಸ್’, ಅಂದರೆ ಯುವತಿ, ಎಂದು ಬರೆದರು. ಕ್ರೈಸ್ತ ಲೇಖಕ ಜಸ್ಟಿನ್ ಮಾರ್ಟರನ ಸಂವಾದದಲ್ಲಿ ಯೆಹೂದಿ ಟ್ರಿಫೋ, ಇದು ಆಹಾಜನ ಮಗ ಹಿಜ್ಕೀಯನ ಕುರಿತ ಮಾತು ಎಂದು ವಾದಿಸುತ್ತಾನೆ. ಯೆಹೂದಿ ಗುರುಗಳು ಅರ್ಥವನ್ನೇ ತಿರುಚಿದರೆಂದು ಜಸ್ಟಿನ್ ದೂರುತ್ತಾನೆ. ಈ ಆರೋಪ ಅನ್ಯಾಯದ್ದು. ಬೈಬಲನ್ನು ಲ್ಯಾಟಿನ್ನಿಗೆ ತಂದ, ಹೀಬ್ರೂ ಬಲ್ಲ ಜೆರೋಮನೇ ಬೆತೂಲಾ ಇಲ್ಲಿಲ್ಲವೆಂದು ಒಪ್ಪಿ, ಅಲ್ಮಾ ಎಂದರೆ ‘ಮರೆಯಲ್ಲಿ ಬೆಳೆದ ಕನ್ನಿಕೆ’ ಎಂದು ವಾದ ಕಟ್ಟಬೇಕಾಯಿತು. 1947ರಲ್ಲಿ ಕುಮ್ರಾನ್ ಗುಹೆಯಲ್ಲಿ ಸಿಕ್ಕ, ಯೇಸುವಿಗಿಂತ ಸುಮಾರು ನೂರು ವರ್ಷ ಹಳೆಯ ಯೆಶಾಯನ ಸುರುಳಿಯಲ್ಲೂ ಇರುವುದು ಅಲ್ಮಾ ಎಂದೇ.

1952ರಲ್ಲಿ ಅಮೆರಿಕದ ಇಂಗ್ಲಿಷ್ ಬೈಬಲ್ ರಿವೈಸ್ಡ್ ಸ್ಟ್ಯಾಂಡರ್ಡ್ ವರ್ಷನ್ ಯೆಶಾಯನಲ್ಲಿ ‘ಯುವತಿ’ ಎಂದು ಅಚ್ಚುಹಾಕಿ, ‘ಕನ್ನಿಕೆ’ಯನ್ನು ಅಡಿಟಿಪ್ಪಣಿಗೆ ಇಳಿಸಿತು. ನಾರ್ತ್ ಕರೊಲಿನಾದ ಒಬ್ಬ ಪಾದ್ರಿ ಆ ಪುಟವನ್ನೇ ಸುಟ್ಟರು. ಅನುವಾದ ಸಮಿತಿಯವರ ಕೈಗೆ ಬೂದಿ ಬಂತು. ಅದೇ ಬೈಬಲಿನ ಮತ್ತಾಯದಲ್ಲಿ ‘ಕನ್ನಿಕೆ’ ಹಾಗೇ ಇತ್ತು, ಮರಿಯಳ ಕನ್ಯತ್ವವನ್ನು ಯಾರೂ ಅಳಿಸಿರಲಿಲ್ಲ. ನಂಬಿಕೆ ಸುವಾರ್ತೆಯ ಮಾತಿನ ಮೇಲೆ ನಿಲ್ಲಬಲ್ಲದು. ಅದಕ್ಕಾಗಿ ಯೆಶಾಯನ ಬಾಯಿಗೆ ಅವನಾಡದ ಪದ ತುರುಕಬೇಕಿಲ್ಲ.

ಕ್ಯಾಥೊಲಿಕರ ನ್ಯೂ ಅಮೆರಿಕನ್ ಬೈಬಲ್ 1970ರಲ್ಲಿ ‘ಕನ್ನಿಕೆ’ ಎಂದಿತ್ತು. 2011ರ ಪರಿಷ್ಕರಣೆಯಲ್ಲಿ ಅದೂ ಯೆಶಾಯನಲ್ಲಿ ‘ಯುವತಿ’ ಎಂದು ತಿದ್ದಿಕೊಂಡಿತು, ಮತ್ತಾಯದಲ್ಲಿ ‘ಕನ್ನಿಕೆ’ಯನ್ನು ಉಳಿಸಿಕೊಂಡಿತು.