ಸಿ. ಆರ್. ರಾವ್ ಅವರ ಸೈಟೇಶನ್ ಎಣಿಸುವ ಮುನ್ನ

ಕಲ್ಕತ್ತಾ ಮ್ಯಾಥಮ್ಯಾಟಿಕಲ್ ಸೊಸೈಟಿಯ ಬುಲೆಟಿನ್, 1945, ಸಂಪುಟ 37, ಪುಟ 81ರಿಂದ 91. ಒಟ್ಟು ಹನ್ನೊಂದು ಪುಟ. ಬರೆದವರು ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ. ರಾಧಾಕೃಷ್ಣ ರಾವ್. ಇಂದು ಕ್ರಾಮೆರ್–ರಾವ್ ಮಿತಿ, ರಾವ್–ಬ್ಲ್ಯಾಕ್‌ವೆಲ್ ಪ್ರಮೇಯ, ಫಿಶರ್–ರಾವ್ ಅಂತರ ಎಂದು ಕರೆಯುವ ಮೂರಕ್ಕೂ ಬೀಜ ಅಲ್ಲಿಯೇ ಇದೆ. ಒಂದೊಂದೂ ಒಬ್ಬ ಸಂಶೋಧಕನ ಇಡೀ ವೃತ್ತಿಜೀವನಕ್ಕೆ ಸಾಕಾಗುವಂಥದ್ದು. ಆದರೂ ಆ ಲೇಖನದ ಸೈಟೇಶನ್, ಅಂದರೆ ಬೇರೆ ಲೇಖನಗಳು ಅದನ್ನು ಉಲ್ಲೇಖಿಸಿದ ಸಂಖ್ಯೆ, ಎಷ್ಟು ಎಂದು ಯಾವ ದತ್ತಸಂಚಯದಲ್ಲಿ ಹುಡುಕಿದರೂ, ಸಿಗುವ ಅಂಕಿ ಅದರ ನಿಜವಾದ ಬಳಕೆಯ ಹತ್ತಿರಕ್ಕೂ ಬರುವುದಿಲ್ಲ. ಏಕೆ ಹೀಗೆ ಎಂಬುದನ್ನು ಬಿಡಿಸಿ ನೋಡಿದರೆ ಅನ್ವಯಿಕ ಗಣಿತದವರ ಬಯೊಡೇಟಾ ಓದುವ ಬಗೆಯೂ ತಿಳಿಯುತ್ತದೆ.

ಮೊದಲು ಕ್ರಾಮೆರ್–ರಾವ್ ಮಿತಿ ಏನು ಹೇಳುತ್ತದೆ ಎಂಬುದನ್ನು ನೋಡೋಣ. ಒಂದು ತಕ್ಕಡಿ ಇದೆ, ಪ್ರತಿ ತೂಕದಲ್ಲೂ ಸುಮಾರು 2 ಗ್ರಾಂ ಹೆಚ್ಚುಕಡಿಮೆ ತೋರಿಸುತ್ತದೆ ಎಂದುಕೊಳ್ಳಿ; ಅಂದರೆ ದೋಷದ ಮಾನಕ ವಿಚಲನೆ 2 ಗ್ರಾಂ, ದೋಷ ಗಂಟೆಯಾಕಾರದ ಗಾಸಿಯನ್ ಹಂಚಿಕೆಯದು. ಒಂದೇ ವಸ್ತುವನ್ನು 16 ಸಲ ತೂಗಿ ಸರಾಸರಿ ತೆಗೆದರೆ ಆ ಸರಾಸರಿಯ ವಿಚಲನೆ 2 ಭಾಗಿಸು 4, ಅಂದರೆ 0.5 ಗ್ರಾಂ. ಪಕ್ಷಪಾತವಿಲ್ಲದ ಯಾವುದೇ ಅಂದಾಜು ವಿಧಾನ, ಎಷ್ಟೇ ಜಾಣತನದಿಂದ ಹೆಣೆದದ್ದಾದರೂ, ಇದೇ 16 ತೂಕಗಳಿಂದ ಇದಕ್ಕಿಂತ ಕೆಳಗೆ ಇಳಿಯಲಾರದು. 0.25 ಗ್ರಾಂ ಬೇಕೆಂದರೆ 64 ಸಲ ತೂಗಲೇಬೇಕು. ರೇಡಾರ್ ಎಂಜಿನಿಯರು ವಿಮಾನದ ದೂರವನ್ನು ಅಂದಾಜು ಮಾಡುವಾಗ, ಎಂಆರ್‌ಐ ಸ್ಕ್ಯಾನನ್ನು ಎಷ್ಟು ಹೊತ್ತು ನಡೆಸಬೇಕು ಎಂದು ಲೆಕ್ಕ ಹಾಕುವಾಗ ಮೊದಲು ನೋಡುವುದು ಈ ಗೆರೆಯನ್ನೇ. ತನ್ನ ವಿಧಾನ ಗೆರೆಯನ್ನು ಮುಟ್ಟಿದ್ದರೆ ಮುಂದೆ ಸುಧಾರಿಸಲು ಹೆಣಗಬೇಕಿಲ್ಲ. ಉಪಕರಣವನ್ನೇ ಬದಲಿಸಬೇಕು, ಇಲ್ಲವೆ ಅಳತೆಗಳ ಸಂಖ್ಯೆ ಹೆಚ್ಚಿಸಬೇಕು.

ಆ ರೇಡಾರ್ ಎಂಜಿನಿಯರು ಬರೆಯುವ ಲೇಖನದಲ್ಲಿ ‘ಕ್ರಾಮೆರ್–ರಾವ್ ಮಿತಿ’ ಎಂದು ಹತ್ತು ಕಡೆ ಬರೆದಿರುತ್ತದೆ. ಕೊನೆಯ ಆಕರಗಳ ಪಟ್ಟಿಯಲ್ಲಿ 1945ರ ಲೇಖನ ಮಾತ್ರ ಇರುವುದಿಲ್ಲ. ಒಂದು ಪಠ್ಯಪುಸ್ತಕ ಇರುತ್ತದೆ, ಅಥವಾ ಏನೂ ಇರುವುದಿಲ್ಲ. ಫಲಿತಾಂಶ ಎಲ್ಲರ ನಾಲಿಗೆಯ ಮೇಲೆ ನೆಲೆಸಿದಾಗ ಮೂಲಕ್ಕೆ ಉಲ್ಲೇಖ ಕೊಡುವ ಅಗತ್ಯವೇ ಕಾಣದಂತಾಗುತ್ತದೆ. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ಈ ವಿದ್ಯಮಾನವನ್ನು ಗುರುತಿಸಿ ಹೆಸರಿಟ್ಟಿದ್ದರು: ಒಳಗೊಳ್ಳುವುದರಿಂದಲೇ ಅಳಿಸಿಹೋಗುವುದು. ರಾವ್ ಅವರ ವಿಷಯದಲ್ಲಿ ಇದು ಒಂದೇ ಸಲ ಆದದ್ದಲ್ಲ. 1948ರಲ್ಲಿ ಅವರು ಕೊಟ್ಟ ಸ್ಕೋರ್ ಪರೀಕ್ಷೆ ಎಂಬ ಸಂಖ್ಯಾಶಾಸ್ತ್ರೀಯ ವಿಧಾನ ಅರ್ಥಶಾಸ್ತ್ರಜ್ಞರ ನಡುವೆ ಲಗ್ರಾಂಜ್ ಗುಣಕ ಪರೀಕ್ಷೆ ಎಂಬ ಬೇರೆ ಹೆಸರಿನಲ್ಲಿ ಓಡಾಡುತ್ತದೆ. ಹೆಸರು ಬದಲಾದಾಗ ಉಲ್ಲೇಖವೂ ಬೇರೆಯವರ ಖಾತೆಗೆ ಹೋಗುತ್ತದೆ. 1940ರ ದಶಕದಲ್ಲೇ ಅವರು ಕಟ್ಟಿದ ಲಂಬಕೋನೀಯ ವ್ಯೂಹಗಳು, ಅಂದರೆ ಕೆಲವೇ ಪ್ರಯೋಗಗಳಲ್ಲಿ ಹಲವು ಅಂಶಗಳನ್ನು ಪರೀಕ್ಷಿಸಲು ನೆರವಾಗುವ ಆರ್ಥೊಗೊನಲ್ ಅರೇ ಕೋಷ್ಟಕಗಳು, ಕಾರ್ಖಾನೆಗಳ ಗುಣಮಟ್ಟ ವಿಭಾಗವನ್ನು ತಲುಪಿದ್ದು ಜಪಾನಿನ ಗೆನಿಚಿ ಟಾಗುಚಿ ಅವರ ಮೂಲಕ. ಟಾಗುಚಿ 1950ರ ದಶಕದ ನಡುವಿನಲ್ಲಿ ಕಲ್ಕತ್ತಾದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು ಕೆಲಸ ಮಾಡಿದ್ದವರು. ಇಂದು ಯಂತ್ರಭಾಗದ ಕೊರೆತದ ವೇಗ, ಫೀಡ್, ಆಳ ಇವನ್ನು ಹೊಂದಿಸಲು ಒಂಬತ್ತು ಪ್ರಯೋಗಗಳ ಎಲ್9 ಕೋಷ್ಟಕ ಬಳಸುವ ಮೆಕ್ಯಾನಿಕಲ್ ವಿಭಾಗದ ವಿದ್ಯಾರ್ಥಿಗೆ ಟಾಗುಚಿ ಗೊತ್ತು. ಆ ಕೋಷ್ಟಕದ ಹಿಂದಿನ ಗಣಿತ ಯಾರದೆಂಬುದು ಗೊತ್ತಿರುವುದು ಅಪರೂಪ.

ಎರಡನೇ ತೊಡಕು ಲೆಕ್ಕ ಇಡುವವರದ್ದು. ಹಳೆಯ ಪ್ರಾದೇಶಿಕ ಜರ್ನಲ್‌ಗಳ ಲೇಖನಗಳು ಎಲ್ಲ ದತ್ತಸಂಚಯಗಳಲ್ಲೂ ಪೂರ್ಣ ದಾಖಲೆಯಾಗಿ ಇರುವುದಿಲ್ಲ; ಬೇರೆಯವರ ಆಕರಪಟ್ಟಿಯಲ್ಲಿ ಬಂದ ಒಂದು ಸಾಲಾಗಿ ಮಾತ್ರ ಇರುತ್ತವೆ. ಆ ಸಾಲನ್ನು ಒಬ್ಬರು ಪುಟ 81 ಎಂದು ಬರೆಯುತ್ತಾರೆ, ಇನ್ನೊಬ್ಬರು 91 ಎಂದು. ಜರ್ನಲ್ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಮೊಟಕು ಮಾಡುತ್ತಾರೆ. 1992ರಲ್ಲಿ ಈ ಲೇಖನ ಒಂದು ಸಂಕಲನದಲ್ಲಿ ಮರುಮುದ್ರಣವಾಯಿತು, ಹಾಗಾಗಿ ಕೆಲವರು ಆ ವರ್ಷವನ್ನೇ ಕೊಡುತ್ತಾರೆ. ಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಕೃತಿಗಳು. ವೆಬ್ ಆಫ್ ಸೈನ್ಸ್ ಎಂಬ ದತ್ತಸಂಚಯದಲ್ಲಿ ಮಾಮೂಲಿ ಹುಡುಕಾಟ ಬಿಟ್ಟು ‘ಸೈಟೆಡ್ ರೆಫರೆನ್ಸ್ ಸರ್ಚ್’ಗೆ ಹೋಗಿ ಲೇಖಕನ ಹೆಸರು, ವರ್ಷ ಕೊಟ್ಟರೆ ಈ ರೂಪಾಂತರಗಳು ಸಾಲಾಗಿ ಬರುತ್ತವೆ. ಒಂದೊಂದನ್ನೂ ಟಿಕ್ ಮಾಡಿ ಕೂಡಿಸಬೇಕು. ಅರ್ಧ ಗಂಟೆಯ ಕೆಲಸ. ಮಾಡದಿದ್ದರೆ ಹಳೆಯ ಲೇಖನಗಳ ಅಂಕಿಯನ್ನು ನಂಬುವಂತಿಲ್ಲ.

ಹೆಸರಿನ ತೊಡಕಂತೂ ನಮ್ಮ ಕಡೆಯವರಿಗೆ ವಿಶೇಷವಾಗಿ ಕಾಡುವಂಥದ್ದು. ‘ರಾವ್ ಸಿ ಆರ್’ ಎಂದು ಹುಡುಕಿದರೆ ಅದೇ ಇನಿಷಿಯಲ್ ಇರುವ ಬೇರೆ ರಾವ್‌ಗಳೂ ಬರುತ್ತಾರೆ. ಬೆಂಗಳೂರಿನ ರಸಾಯನಶಾಸ್ತ್ರಜ್ಞ ಸಿ. ಎನ್. ಆರ್. ರಾವ್ ಅವರ ಲೇಖನದ ಉಲ್ಲೇಖದಲ್ಲಿ ಯಾರಾದರೂ ಒಂದು ಅಕ್ಷರ ಬಿಟ್ಟರೆ ಅದೂ ಇಲ್ಲೇ ಬಂದು ಬೀಳುತ್ತದೆ. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿದ್ದು ಮನೆತನದ ಹೆಸರೇ ಇಲ್ಲದವರಿಗೆ ಇನ್ನೂ ಕಷ್ಟ: ಒಂದು ಜರ್ನಲ್ ಇನಿಷಿಯಲ್ ಬಿಡಿಸಿ ಅದನ್ನೇ ಉಪನಾಮ ಮಾಡುತ್ತದೆ, ಮತ್ತೊಂದು ಸ್ವಂತ ಹೆಸರನ್ನು ಉಪನಾಮ ಮಾಡುತ್ತದೆ, ಒಬ್ಬರೇ ಇಬ್ಬರಾಗುತ್ತಾರೆ. ಮದುವೆಯಾದ ಮೇಲೆ ಹೆಸರು ಬದಲಾದ ಸಂಶೋಧಕಿಯರ ಮೊದಲ ಐದಾರು ವರ್ಷದ ಕೆಲಸ ಹೀಗೆ ಕಳೆದುಹೋಗಿರುತ್ತದೆ. ಪಿಎಚ್‌ಡಿಯ ಮೊದಲ ಲೇಖನ ಕಳಿಸುವ ಮುನ್ನವೇ ಹೆಸರಿನ ಒಂದು ರೂಪ ಗಟ್ಟಿ ಮಾಡಿ, ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಪಡೆದು, ಪ್ರತಿ ಲೇಖನಕ್ಕೂ ಅದನ್ನೇ ಕೊಡಿ. ಗೂಗಲ್ ಸ್ಕಾಲರ್ ಪುಟದಲ್ಲಿ ಲೇಖನಗಳು ತಾವಾಗಿ ಸೇರಿಕೊಳ್ಳುವ ವ್ಯವಸ್ಥೆಯನ್ನು ಬಿಟ್ಟು, ಇಮೇಲ್‌ನಲ್ಲಿ ಕೇಳಿ ಸೇರಿಸುವ ಆಯ್ಕೆ ಇಟ್ಟುಕೊಳ್ಳಿ. ಬೇರೆಯವರ ಲೇಖನ ನಿಮ್ಮ ಪುಟದಲ್ಲಿ ಕೂತಿದ್ದರೆ ಸಂದರ್ಶನದಲ್ಲಿ ತಲೆ ತಗ್ಗಿಸಬೇಕಾದವರು ನೀವೇ.

ಇನ್ನು ಎಲ್ಲ ಅರ್ಜಿಗಳೂ ಕೇಳುವ ಎಚ್-ಇಂಡೆಕ್ಸ್. ಭೌತಶಾಸ್ತ್ರಜ್ಞ ಹಿರ್ಶ್ 2005ರಲ್ಲಿ ಮುಂದಿಟ್ಟ ಅಳತೆ ಇದು: ಕನಿಷ್ಠ ಎಚ್ ಸೈಟೇಶನ್ ಪಡೆದ ಲೇಖನಗಳು ಎಚ್ ಇರುವಂಥ ಅತಿ ದೊಡ್ಡ ಸಂಖ್ಯೆ. ಒಬ್ಬರ ಹತ್ತು ಲೇಖನಗಳಿಗೆ 120, 64, 31, 18, 9, 9, 7, 4, 2, 0 ಸೈಟೇಶನ್ ಬಂದಿವೆ ಎನ್ನಿ. ಇಳಿಕೆಯ ಕ್ರಮದಲ್ಲಿ ಏಳನೆಯದಕ್ಕೆ 7 ಇದೆ, ಎಂಟನೆಯದಕ್ಕೆ 4 ಮಾತ್ರ. ಆದ್ದರಿಂದ ಎಚ್ 7. ಈಗ ಮೊದಲ ಲೇಖನಕ್ಕೆ 120ರ ಬದಲು 12,000 ಬಂದಿದ್ದರೆ? ಆಗಲೂ 7. ಗಣಿತದಲ್ಲಿ ಒಂದೇ ಒಂದು ಲೇಖನ ಒಂದು ಕ್ಷೇತ್ರವನ್ನೇ ತೆರೆಯುವುದುಂಟು. ಅಂಥ ಕೆಲಸಕ್ಕೆ ಈ ಅಳತೆ ಸಂಪೂರ್ಣ ಕುರುಡು. ಹಾಗಾಗಿ ಎಚ್ ಅಂಕಿ ಕೇಳುವ ಸಮಿತಿ ಅದರ ಪಕ್ಕದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಐದು ಲೇಖನಗಳ ಸೈಟೇಶನ್ನನ್ನೂ, ಅಂಕಿ ಯಾವ ದತ್ತಸಂಚಯದ್ದು, ಯಾವ ದಿನಾಂಕದ್ದು ಎಂಬುದನ್ನೂ ಬರೆಸಿಕೊಳ್ಳಬೇಕು. ಗೂಗಲ್ ಸ್ಕಾಲರ್ ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮುನ್ನವೇ ಹಂಚಿದ ಲೇಖನ), ಪ್ರೌಢಪ್ರಬಂಧಗಳನ್ನೂ ಎಣಿಸುವುದರಿಂದ ಅಲ್ಲಿ ಅಂಕಿ ದೊಡ್ಡದು. ಗಣಿತದ್ದೇ ದತ್ತಸಂಚಯವಾದ ಮ್ಯಾಥ್‌ಸೈನೆಟ್ ಆಯ್ದ ಗಣಿತ ಜರ್ನಲ್‌ಗಳ ಆಕರಪಟ್ಟಿಗಳಿಂದಲೇ ಎಣಿಸುತ್ತದೆ, ಹಾಗಾಗಿ ಅಲ್ಲಿ ಚಿಕ್ಕದು. ದ್ರವಚಲನಶಾಸ್ತ್ರದಲ್ಲಿ ಕೆಲಸ ಮಾಡಿ ಎಂಜಿನಿಯರುಗಳಿಂದ ಉಲ್ಲೇಖ ಪಡೆದವರಿಗೆ ಎರಡನೆಯದು ಅನ್ಯಾಯ ಮಾಡುತ್ತದೆ. ಒಬ್ಬ ಅಭ್ಯರ್ಥಿಯ ಸ್ಕಾಲರ್ ಅಂಕಿಯನ್ನು ಇನ್ನೊಬ್ಬರ ಸ್ಕೋಪಸ್ ಎಂಬ ಬೇರೆ ದತ್ತಸಂಚಯದ ಅಂಕಿಯ ಜೊತೆ ಹೋಲಿಸುವುದು ಸೇರನ್ನೂ ಕಿಲೋವನ್ನೂ ಒಂದೇ ಎಂದು ತೂಗಿದ ಹಾಗೆ.

ಲೇಖಕರ ಹೆಸರಿನ ಅನುಕ್ರಮದಲ್ಲೂ ಇಂಥದ್ದೇ ಎಡವಟ್ಟು ಆಗುತ್ತದೆ. ಗಣಿತದಲ್ಲಿ ಹೆಸರುಗಳು ಸಾಮಾನ್ಯವಾಗಿ ಅಕಾರಾದಿಯಾಗಿ ಬರುತ್ತವೆ, ಎಂಜಿನಿಯರಿಂಗ್‌ನಲ್ಲಿ ಹೆಚ್ಚು ದುಡಿದವರು ಮೊದಲು. ಅನ್ವಯಿಕ ಗಣಿತದವರು ಎರಡೂ ಕಡೆ ಪ್ರಕಟಿಸುತ್ತಾರೆ. ಮೊದಲ ಲೇಖಕರಿಗೆ ಹೆಚ್ಚು ಅಂಕ ಎಂಬ ನಿಯಮವಿದ್ದರೆ ಇಂಗ್ಲಿಷಿನ ‘ವಿ’ ಅಕ್ಷರದಲ್ಲಿ ಹೆಸರು ಶುರುವಾಗುವವರು ಸುಮ್ಮನೆ ಸೋಲುತ್ತಾರೆ.

ಕಾಲದ ಮಾತೂ ಇದೆ. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡುವುದು ಹಿಂದಿನ ಎರಡು ವರ್ಷದ ಲೇಖನಗಳಿಗೆ ಬಂದ ಉಲ್ಲೇಖವನ್ನು ಮಾತ್ರ. ಗಣಿತದಲ್ಲಿ ಲೇಖನ ಪರಿಶೀಲನೆಗೇ ವರ್ಷ ಹಿಡಿಯುವುದುಂಟು. ಅಂತರರಾಷ್ಟ್ರೀಯ ಗಣಿತ ಒಕ್ಕೂಟ ಇತರ ಎರಡು ಸಂಘಟನೆಗಳ ಜೊತೆ ಸೇರಿ 2008ರಲ್ಲಿ ಹೊರತಂದ ವರದಿಯ ಪ್ರಕಾರ ಗಣಿತದ ಉಲ್ಲೇಖಗಳಲ್ಲಿ ಸುಮಾರು ಶೇ 90 ಈ ಎರಡು ವರ್ಷದ ಕಿಟಕಿಯ ಹೊರಗೇ ಉಳಿಯುತ್ತವೆ. ಮ್ಯಾಥ್‌ಸೈನೆಟ್ ಜರ್ನಲ್‌ಗಳಿಗೆ ಕೊಡುವ ಇಂಥದ್ದೇ ಅಳತೆ ಎಂಸಿಕ್ಯೂ (ಮ್ಯಾಥಮ್ಯಾಟಿಕಲ್ ಸೈಟೇಶನ್ ಕೋಶೆಂಟ್) ಐದು ವರ್ಷ ತೆಗೆದುಕೊಳ್ಳುತ್ತದೆ, ಅಷ್ಟಾದರೂ ಮೇಲು. ರಾವ್ ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಘೋಷಣೆಯಾದದ್ದು 2023ರಲ್ಲಿ, ಅವರಿಗೆ 102 ವರ್ಷವಾಗಿದ್ದಾಗ. ಎತ್ತಿ ಹೇಳಿದ್ದು 1945ರ ಅದೇ ಲೇಖನವನ್ನು.

ಚಿಕ್ಕ ಕಿಟಕಿಯನ್ನು ದುರುಪಯೋಗ ಮಾಡುವುದು ಸುಲಭ. 2006ರಿಂದ 2009ರವರೆಗೆ ಅನ್ವಯಿಕ ಗಣಿತದ ವಿಭಾಗದಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ ಒಂದು ಜರ್ನಲ್ ಬಗ್ಗೆ ಡಗ್ಲಾಸ್ ಆರ್ನಾಲ್ಡ್ ಮತ್ತು ಕ್ರಿಸ್ಟೀನ್ ಫೌಲರ್ 2011ರಲ್ಲಿ ಬಿಡಿಸಿ ಬರೆದರು: ಉಲ್ಲೇಖಗಳ ದೊಡ್ಡ ಪಾಲು ಸಂಪಾದಕ ಬಳಗದ ಬೆರಳೆಣಿಕೆಯ ಜನರಿಂದ ಬಂದಿತ್ತು, ಅದೂ ಆ ಎರಡು ವರ್ಷಗಳಿಗೇ ಗುರಿಯಿಟ್ಟು. ಗಣಿತದಲ್ಲಿ ಒಟ್ಟು ಉಲ್ಲೇಖಗಳೇ ಕಡಿಮೆ, ಹಾಗಾಗಿ ಇಪ್ಪತ್ತು ಜನ ಪರಸ್ಪರ ಉಲ್ಲೇಖಿಸಿಕೊಂಡರೆ ಸಾಕು, ಶ್ರೇಯಾಂಕ ತಲೆಕೆಳಗಾಗುತ್ತದೆ. 2023ರಲ್ಲಿ ವೆಬ್ ಆಫ್ ಸೈನ್ಸ್ ನಡೆಸುವ ಕ್ಲಾರಿವೇಟ್ ಕಂಪನಿ ತನ್ನ ‘ಅತಿ ಹೆಚ್ಚು ಉಲ್ಲೇಖಿತ ಸಂಶೋಧಕರು’ ಪಟ್ಟಿಯಿಂದ ಗಣಿತ ವಿಭಾಗವನ್ನೇ ಕೈಬಿಟ್ಟಿತು. ಪರೀಕ್ಷಿಸಲು ದಾರಿ ಇದೆ. ಸಂಶಯ ಬಂದ ಲೇಖನವನ್ನು ಉಲ್ಲೇಖಿಸಿದವರ ಪಟ್ಟಿ ತೆಗೆಯಿರಿ. ಅದೇ ನಾಲ್ಕೈದು ಹೆಸರು ಮತ್ತೆ ಮತ್ತೆ ಬರುತ್ತಿವೆಯೇ ಎಂದು ಎಣಿಸಿ. ಆಮೇಲೆ ಮೂರು ಲೇಖನ ತೆರೆದು, ಉಲ್ಲೇಖ ಯಾವ ವಾಕ್ಯದಲ್ಲಿದೆ ಎಂದು ಓದಿ. ‘[3–27] ನೋಡಿ’ ಎಂಬ ಮೊದಲ ಪ್ಯಾರಾದ ಗುಂಪಿನಲ್ಲಿ ಸೇರಿದ್ದಕ್ಕೂ, ‘[5]ರ ಪ್ರಮೇಯ 2ನ್ನು ಬಳಸಿ’ ಎಂದು ಪ್ರಮೇಯದ ಸಾಧನೆಯ (ಪ್ರೂಫ್) ನಡುವೆ ಬಂದದ್ದಕ್ಕೂ ಬೆಲೆ ಬೇರೆ. ಎರಡನೆಯ ಬಗೆಯ ಹತ್ತು ಇದ್ದರೂ ಅದು ಗಟ್ಟಿ ಕೆಲಸ.

ಇನ್ನು ಕ್ರಾಮೆರ್–ರಾವ್ ಮಿತಿ ಬಳಸಿ ಲೇಖನ ಬರೆಯುವವರು ಪಠ್ಯಪುಸ್ತಕದ ಜೊತೆಗೆ ಮೂಲವನ್ನೂ ಕೊಡಿ. ಸಂಪುಟ 37, ಪುಟ 81–91, ವರ್ಷ 1945. 1992ರ ಮರುಮುದ್ರಣವನ್ನು ಓದಿದ್ದರೆ ಅದನ್ನು ಅದೇ ನಮೂದಿನ ಕೊನೆಯಲ್ಲಿ ಸೇರಿಸಿ, ಬೇರೆ ಸಾಲು ಮಾಡಬೇಡಿ.